ಕೆಂಪು ಲಿಲ್ಲಿಯ ಕುಂಡ

ಮಲಪ್ರಭೆಯ ದಂಡೆಗೆ ಒಂದು ಸಣ್ಣ ಮಠ. ಮಠದ ಬಾಗಿಲಲ್ಲಿ ಒಂದು ದೊಡ್ಡ ಮಣ್ಣಿನ ಕುಂಡ. ಕುಂಡದ ತುಂಬ ಕೆಂಪು ಲಿಲ್ಲಿ. ನರ್ಸರಿಯವರು ಅಮರಿಲ್ಲಿಸ್ ಅನ್ನುತ್ತಾರಲ್ಲ, ಈರುಳ್ಳಿಯಂಥ ಗಡ್ಡೆಯಿಂದ ಕಹಳೆಯಂಥ ಹೂವು ಬಿಡುತ್ತದಲ್ಲ, ಅದೇ.

ಆ ಮಠದ್ದೊಂದು ಪದ್ಧತಿ. ಯಾರೇ ಶಿಷ್ಯನಾಗಿ ಬಂದರೂ ಒಂದು ಗಡ್ಡೆ ತಂದು ಅದೇ ಕುಂಡದಲ್ಲಿ ನೆಡಬೇಕು. ಬೇರೆ ಕುಂಡ ಕೂಡದು. ಮಠ ಒಂದೇ ಅನ್ನುವುದಕ್ಕೆ ಅದೇ ಗುರುತು. ಕುಂಡ ತಂದಿಟ್ಟವರು ಮಠ ಕಟ್ಟಿದ ಹಿರಿಯಜ್ಜ. ಅವರು ಹೋಗಿ ಎಷ್ಟೋ ಕಾಲವಾಯಿತು. ಈಗಿನ ಗುರುಗಳನ್ನು ಎಲ್ಲರೂ ಅಜ್ಜಾರು ಅನ್ನುತ್ತಿದ್ದರು.

ಕುಂಡಕ್ಕೆ ನೀರು ಹಾಕುವ ಕೆಲಸ ನಾಗಲಿಂಗನೆಂಬ ಶಿಷ್ಯನದು. ಗಡ್ಡೆಗಳು ಒಂದನ್ನೊಂದು ನೂಕಾಡಿ ಅಂಚಿನ ಮೇಲೆ ಎದ್ದು ನಿಂತದ್ದನ್ನು ಮೊದಲು ಕಂಡವನೂ ಅವನೇ.

"ಅಜ್ಜಾರ, ಕುಂಡ ಇಕ್ಕಟ್ಟಾಗೇತ್ರಿ. ಬಿಡಿಸಿ ಬ್ಯಾರೆ ಬ್ಯಾರೆ ಹಚ್ಚಲೇನ್ರಿ?"

"ಮೊಗ್ಗು ಬಂದೈತೇನು?"

"ಬಂದೈತ್ರಿ."

"ಬಸುರಿಗೆ ಮನಿ ಬಿಡಸ್ತಾರೇನೋ ಹುಚ್ಚಪ್ಪಾ? ತಡಿ."

ಹೂವು ಅರಳಿತು, ಬಾಡಿತು. ನಾಗಲಿಂಗ ಮತ್ತೆ ಹೋದ.

"ಈಗ್ರಿ?"

"ಎಲಿ ಹೆಂಗದಾವು?"

"ಹಸರಗದಾವ್ರಿ."

"ಅವು ಗಡ್ಡಿಗೆ ಉಣಸಾಕತ್ತಾವು. ಊಟದ ಮುಂದ ಕುಂತವರನ್ನ ಎಬ್ಬಿಸಬ್ಯಾಡ."

ಮರುವರ್ಷ ಮೊಗ್ಗೇ ಬರಲಿಲ್ಲ. ಬರೀ ಎಲೆ. ಚಳಿಗಾಲಕ್ಕೆ ಆ ಎಲೆಯೂ ಒಣಗಿತು.

ಈ ಸಲ ಅವನು ಕೇಳುವ ಮೊದಲೇ ಅಜ್ಜಾರು ಅಂದರು: "ಹೋಗಿ ಒಂದು ಚರಿಗಿ ನೀರು ಹಾಕಿ ಬಾ."

ಹಾಕಿದ. ನೀರು ಗಡ್ಡೆಗಳ ನೆತ್ತಿಯ ಮೇಲೆ ಹರಿದು, ಅಂಚು ದಾಟಿ, ಮೆಟ್ಟಿಲಿಳಿದು ಹೋಯಿತು.

"ಅಜ್ಜಾರ, ನೀರು ಒಳಗ ಇಳೀವಲ್ದ್ರಿ. ಮಣ್ಣ ಉಳದಿಲ್ಲ ಅದರಾಗ."

ಅಜ್ಜಾರು ಎದ್ದು ಹೊಳೆಗೆ ಸ್ನಾನಕ್ಕೆ ಹೋದರು.

ನಾಗಲಿಂಗ ಕುಂಡಕ್ಕೆ ಕೈ ಹಾಕಿ ಗಡ್ಡೆ ಹಿಡಿದು ಎಳೆದ. ಜಪ್ಪಯ್ಯ ಅನ್ನಲಿಲ್ಲ. ಬೇರು ಒಳಗೋಡೆಯನ್ನು ಕಚ್ಚಿ ಹಿಡಿದಿತ್ತು. ಒಡೆಯದೆ ದಾರಿಯೇ ಇರಲಿಲ್ಲ.

ಮಠದಲ್ಲಿ ಎಲ್ಲರಿಗಿಂತ ಹಳೆಯ ಶಿಷ್ಯ ವಿರೂಪಾಕ್ಷಯ್ಯ. ನಾಗಲಿಂಗ ಕುಂಡದೊಡನೆ ಗುದ್ದಾಡುವುದು ಕಂಡು ಅವನು ಓಡಿ ಬಂದ.

"ಹಿರಿಯಜ್ಜಾರು ಇಟ್ಟ ಕುಂಡ ಅದು! ಒಡದೀ ಅಂದ್ರ ಈ ಮಠದಾಗ ನಿನಗ ಜಾಗಾ ಇಲ್ಲ, ನೋಡು ಮತ್ತ!"

"ಗಡ್ಡಿಗೂ ಜಾಗಾ ಇಲ್ರಿ ಅಣ್ಣಾರ. ಹಿಂಗ ಬಿಟ್ರ ಸಾಯ್ತಾವ."

"ಸತ್ರ ಒಟ್ಟಿಗೆ ಸಾಯ್ಲಿ! ನಿನ್ನೆ ಮೊನ್ನೆ ಬಂದಾವ, ನಿನಗೇನು ತಿಳಿತೈತಿ?"

ನಾಗಲಿಂಗನಿಗೆ ಈ ಮಠ ಬಿಟ್ಟರೆ ಹೋಗಲಿಕ್ಕೆ ಊರಿರಲಿಲ್ಲ. ಹೊಳೆಯ ಮೆಟ್ಟಿಲಿಗೆ ಓಡಿದ.

"ಅಜ್ಜಾರ, ಒಡೀ ಅಂತ ನೀವೊಂದು ಮಾತು ಹೇಳಿಬಿಡ್ರಿ."

ಅಜ್ಜಾರು ಪಂಚೆ ಹಿಂಡುತ್ತಿದ್ದರು. ತಲೆ ಎತ್ತಲಿಲ್ಲ.

"ನನ್ನ ಕೇಳಾಕ ಬಂದೀಯೋ, ನನ್ನ ಹಿಂದ ಅಡಗಾಕ ಬಂದೀಯೋ?"

ನಾಗಲಿಂಗ ಹರಿಯುವ ನೀರು ನೋಡಿದ. ಆಮೇಲೆ ಬಗ್ಗಿ, ಕೈಗೆ ಹತ್ತುವಂಥ ಒಂದು ಕಲ್ಲು ಎತ್ತಿಕೊಂಡು ಮಠದ ಕಡೆ ನಡೆದ.

ಒಂದೇ ಏಟಿಗೆ ಒಡೆಯಲಿಲ್ಲ. ಹಿರಿಯಜ್ಜನ ಕಾಲದ ಕುಂಡ, ಕೇಳಬೇಕೆ? ಅವನು ಕೈ ಬಿಡಲಿಲ್ಲ. ಕೊನೆಗೆ ಅದು ಬಾಯಿ ಬಿಟ್ಟು ಹೋಳಾಯಿತು.

ಒಳಗೆ ಮಣ್ಣು ಒಂದು ಬೊಗಸೆಯೂ ಇಲ್ಲ. ಅಂಚಿನ ಗಡ್ಡೆಗಳು ಹೇಗೋ ಬದುಕಿದ್ದವು. ನಡುವಿನವು ಒತ್ತಿ ಒತ್ತಿ ಚಪ್ಪಟೆಯಾಗಿದ್ದವು. ಒಂದೆರಡು ಕೊಳೆತು ಮೆತ್ತಗಾಗಿದ್ದವು.

ಬೈಯಲೆಂದು ಬಂದ ವಿರೂಪಾಕ್ಷಯ್ಯ ಹೋಳುಗಳ ಮೇಲೆ ಬಗ್ಗಿದ.

"ಅದರಾಗ... ನಂದು ಯಾವುದೋ?"

"ಗೊತ್ತಿಲ್ರಿ ಅಣ್ಣಾರ. ನಂದೂ ಗೊತ್ತಿಲ್ಲ."

ನಾಗಲಿಂಗ ಬೇರು ಬಿಡಿಸುತ್ತ ಕೂತ. ಕೊಳೆತದ್ದನ್ನು ಆಚೆ ಎಸೆದ. ಒಳ್ಳೆಯ ಗಡ್ಡೆಗಳನ್ನು ನೆರಳಿಗಿಟ್ಟ. ಅಷ್ಟರಲ್ಲಿ ಅಜ್ಜಾರು ಹಿತ್ತಲಿನಿಂದ ಸಣ್ಣ ಸಣ್ಣ ಕುಂಡಗಳನ್ನು ತಾವೇ ಹೊತ್ತು ತಂದು ಸಾಲಾಗಿ ಇಡತೊಡಗಿದರು.

ವಿರೂಪಾಕ್ಷಯ್ಯ ಕುಂಡಗಳ ಸಾಲು ನೋಡಿ ಕೇಳಿದ: "ಅಜ್ಜಾರ, ಎಲ್ಲಾ ಬ್ಯಾರೆ ಬ್ಯಾರೆ ಆದ್ರ, ನಾವು ಒಂದ ಅದೀವಿ ಅನ್ನೂದು ಹೆಂಗ್ರಿ?"

ಅಜ್ಜಾರು ರಾಶಿಯಿಂದ ಒಂದು ಗಡ್ಡೆ ಎತ್ತಿ, ಮಣ್ಣು ಕೊಡವಿ, ಅವನ ಅಂಗೈಯಲ್ಲಿಟ್ಟರು.

ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ನಾಗಲಿಂಗನ ಭುಜಕ್ಕೆ ಭುಜ ತಾಗಿಸಿ ನೆಲಕ್ಕೆ ಕೂತ.

"ಸರಿಯೋ ಅತ್ಲಾಗ, ಎಷ್ಟ ಅಗಲಾಗಿ ಕುಂತೀ" ಎಂದು ಗೊಣಗಿದ. ಮತ್ತೆ ಮೇಲೆ ನೋಡಿ ಕೇಳಿದ: "ಅಜ್ಜಾರ, ಇದು ನಂದೇನ್ರಿ?"

ಅಜ್ಜಾರು ಅಂದರು: "ಯಾರದರೆ ಆಗಲಿ. ಗಡ್ಡಿ ಕುತ್ತಿಗಿ ಮಣ್ಣಿನ ಮ್ಯಾಲ ಇರೂಹಂಗ ನೆಡು."