ದೇವರ ಹೂವಿನ ಕವರು

ನಡುಗಡಲ ಸುಳಿಯಲ್ಲಿ ಸುತ್ತುತ್ತಿದ್ದ ಪ್ಲಾಸ್ಟಿಕ್ ಕವರನ್ನು ಲೋಳೆಮೀನೆಂದು ತಿಳಿದು ಹಸಿದ ಮುದಿ ಆಮೆಯೊಂದು ಬಾಯಿ ತೆರೆಯಿತು.

"ತಡಿ ಅಜ್ಜಾ, ನಾನು ಊಟವಲ್ಲ," ಎಂದಿತು ಕವರು. "ದೇವರಿಗೆ ಮುಡಿಸಿದ ಹೂವನ್ನು ಯಾರೂ ತುಳಿಯಬಾರದೆಂದು ನನ್ನೊಳಗೆ ಕಟ್ಟಿ, ಕೈಮುಗಿದು ಹೊಳೆಗೆ ಬಿಟ್ಟರು."

"ಹೂವೆಲ್ಲಿ?"

"ಎಂದೋ ಕೊಳೆತುಹೋಯಿತು. ನನಗೆ ಕೊಳೆಯಲು ಬರುವುದಿಲ್ಲ."

"ಕಾಲಿಗೆ ಸಿಗಬಾರದೆಂದು ಬಿಟ್ಟ ಇಂಥದ್ದೇ ಒಂದು ನನ್ನ ತಮ್ಮನ ಗಂಟಲಿಗೆ ಸಿಕ್ಕಿಕೊಂಡಿತು," ಎಂದು ನಿಟ್ಟುಸಿರಿಟ್ಟು ಆಮೆ ಮುಂದೆ ಈಜಿತು.

ಅಲ್ಲಿಯೂ ಬಿಳಿಯದೊಂದು ತೇಲುತ್ತಿತ್ತು. "ನೀನು ಯಾರು?" ಎಂದು ಆಮೆ ಕೇಳಿತು. ಅದೂ ಕವರೇ. ಅದರಾಚೆಯದೂ ಕವರೇ.

ಸಂಜೆಯ ಹೊತ್ತಿಗೆ ಹಸಿವು ತಡೆಯಲಾಗಲಿಲ್ಲ. ಕೇಳಿ ಕೇಳಿ ಆಮೆಗೆ ಸಾಕಾಗಿತ್ತು. ಎದುರಿಗೆ ತೇಲಿ ಬಂದ ಬಿಳಿಯದನ್ನು ಅದು ಏನೂ ಕೇಳದೆ ನುಂಗಿತು.