ಬೋರ್ಡು ಓದಿದ ಗೊರವಂಕ

ಶಾಲೆಯ ಕಿಟಕಿಯಲ್ಲಿ ಕೂತು ಅಕ್ಷರ ಕಲಿತ ಗೊರವಂಕವೊಂದಿತ್ತು. ಒಂದು ದಿನ ಒಂದು ಮನೆಯ ಅಂಗಳದಲ್ಲಿ ಅದಕ್ಕೆ ಹೊಸ ಬೋರ್ಡು ಕಂಡಿತು. ಬೋರ್ಡಿನ ಕೆಳಗೆ ಅಕ್ಕಿ ಚೆಲ್ಲಿತ್ತು. ಮನೆಯವನು ಬಾಗಿಲಲ್ಲಿ ನಿಂತಿದ್ದ.

ಇಳಿಯಹೊರಟ ಗೊರವಂಕವನ್ನು ಬೇಲಿಯ ಮೇಲಿದ್ದ ಕಾಗೆ ತಡೆಯಿತು. "ಹೋಗಬೇಡ. ನನ್ನ ಗೂಡು ಕಿತ್ತು ಮರಿಗಳನ್ನು ನೆಲಕ್ಕೆ ಬಡಿದವನು ಇವನೇ."

"ಬೋರ್ಡಿನಲ್ಲಿ 'ಹಕ್ಕಿಗಳಿಗೆ ಸ್ವಾಗತ' ಎಂದು ಬರೆದಿದೆ. ನಿನಗೆ ಓದು ಬಾರದು."

"ನನಗೆ ಮುಖ ಗೊತ್ತು! ಅಂದು ಗಡ್ಡವಿತ್ತು, ಇಂದು ಬೋಳಿಸಿದ್ದಾನೆ. ಆದರೂ ಅದೇ ಮುಖ. ಅಂದು ನೀನೂ ಆ ಮರದಲ್ಲೇ ಇದ್ದೆ, ಕಣ್ಣಾರೆ ಕಂಡೆ!"

"ಇರಬಹುದು. ಅಕ್ಷರ ಕಲಿತ ಮೇಲೆ ನನಗೆ ಮನುಷ್ಯರ ಮುಖಗಳೆಲ್ಲ ಒಂದೇ ಥರ ಕಾಣುತ್ತವೆ," ಎಂದು ಗೊರವಂಕ ಇಳಿದೇಬಿಟ್ಟಿತು.

ಅಕ್ಕಿಗೆ ಕೊಕ್ಕು ತಾಗುವಷ್ಟರಲ್ಲಿ ಮೇಲಿಂದ ಬಲೆ ಬಿತ್ತು. ಹಗ್ಗ ಹಿಡಿದು ಮನುಷ್ಯ ಓಡಿಬಂದ. ಕಾಗೆ ಕಿರುಚುತ್ತಾ ಅವನ ತಲೆಯ ಮೇಲೆರಗಿ ರಕ್ತ ಬರುವಂತೆ ನೆತ್ತಿ ಕುಕ್ಕಿತು. ಅವನು ಹಗ್ಗ ಬಿಟ್ಟು ತಲೆ ಹಿಡಿದುಕೊಂಡ. ಗೊರವಂಕ ಬಾಲದ ಗರಿಗಳನ್ನು ಬಲೆಯಲ್ಲೇ ಬಿಟ್ಟು ನುಸುಳಿ ಬೇಲಿಗೆ ಹಾರಿತು.

"ಬರಹದಲ್ಲಿ ಒಂದು ತಪ್ಪೂ ಇರಲಿಲ್ಲವಲ್ಲ!" ಎಂದು ಅದು ಬೋರ್ಡಿನತ್ತ ತಿರುಗಿತು.

"ತಪ್ಪಿದ್ದದ್ದು ಬರೆದವನಲ್ಲಿ! ಈಗಲಾದರೂ ಅವನನ್ನು ನೋಡು!" ಎಂದು ಕಾಗೆ ಗದರಿಸಿತು.

ಗೊರವಂಕ ನೋಡಿತು. ಕಾಗೆಯ ಕೂಗಿಗೆ ಊರಿನ ಕಾಗೆಗಳೆಲ್ಲ ಬಂದು ಸೇರಿ ಅವನನ್ನು ನೋಡಿಕೊಂಡವು. ಅಂದಿನಿಂದ ಅವನು ಬಾಗಿಲು ತೆರೆದರೆ ಸಾಕು, ಆಮೇಲೆ ಹುಟ್ಟಿದ ಕಾಗೆಗಳೂ ಕಿರುಚುತ್ತಾ ಮೇಲೆರಗುತ್ತವೆ.