ನೀರು ಬಾರದ ಬೋರಿನ ಪೈಪು

ಶೆಡ್ಡು ಖಾಲಿ ಮಾಡಿಸಲು ಬಂದ ಮಾಲೀಕರೇ ಬಾಡಿಗೆದಾರನಿಗೆ ಪೈಪು ಹೊತ್ತುಕೊಟ್ಟರು ಅಂದರೆ ಏನಾಗಿರಬಹುದು? ಊಹಿಸಿ ನೋಡೋಣ!

ತಿಪಟೂರಿನ ಗುಮಾಸ್ತ ಷಡಕ್ಷರಿಗೆ ಮರಗೆಲಸದ ಹುಚ್ಚು. ಬಾಡಿಗೆ ಮನೆಯ ಹಿಂದಿನ ಶೆಡ್ಡಿನಲ್ಲಿ ಅವನು ಗರಗಸ ಹಚ್ಚಿದರೆ ಮರದ ಪುಡಿಯೆಲ್ಲ ಮಾಲೀಕ ರುದ್ರಯ್ಯನವರ ಜಗಲಿಗೆ.

"ಸಂಜೆಯೊಳಗೆ ಧೂಳು ನಿಲ್ಲಬೇಕು. ಇಲ್ಲಾಂದ್ರೆ ಶೆಡ್ಡು ಖಾಲಿ ಮಾಡಯ್ಯ!"

ಧೂಳು ಎಳೆಯುವ ಫ್ಯಾನೇನೋ ಇತ್ತು. ಎಳೆದ ಧೂಳನ್ನು ಡ್ರಮ್ಮಿಗೆ ಒಯ್ಯುವ ದಪ್ಪ ಪೈಪು ಮಾತ್ರ ಅಂಗಡಿಯಲ್ಲಿ ಕೈಗೆಟುಕದ ಬೆಲೆ. ಷಡಕ್ಷರಿಯ ಕಣ್ಣು ಅಂಗಳದ ಬೋರಿನ ಮೇಲೆ ಬಿತ್ತು. ಜಲ ನೋಡುವವನ ಅಂಗೈಯಲ್ಲಿ ತೆಂಗಿನಕಾಯಿ ಎದ್ದು ನಿಂತಿತೆಂದು ರುದ್ರಯ್ಯ ಕೊರೆಸಿದ್ದು. ಹನಿ ನೀರು ಬಂದಿರಲಿಲ್ಲ.

"ಯಜಮಾನ್ರೇ, ಬಂದೋರೆಲ್ಲ 'ನೀರು ಬಂತಾ?' ಅಂತಾರಲ್ಲ, ಕೇಸಿಂಗ್ ಪೈಪು ಕಿತ್ತು ಗುಂಡಿ ಮುಚ್ಚಿಬಿಟ್ರೆ ಯಾರು ಕೇಳ್ತಾರೆ?"

ರುದ್ರಯ್ಯ ಅತ್ತಿತ್ತ ನೋಡಿದರು. "ಮೆಲ್ಲಗೆ ಮಾತಾಡೋ! ಕಿತ್ತ ಪೈಪು ಎಲ್ಲಿ ಬಚ್ಚಿಡೋದು?"

"ನಮ್ಮ ಶೆಡ್ಡಿಲ್ವಾ!"

ಗುಂಡಿ ಮುಚ್ಚಿ, ಕಿತ್ತ ಪೈಪಿನ ಒಂದು ತುದಿಗೆ ರುದ್ರಯ್ಯನವರೇ ಹೆಗಲು ಕೊಟ್ಟರು. ಸಂಜೆಗೆ ಧೂಳೂ ನಿಂತಿತು. ಹಬ್ಬಕ್ಕೆ ಬಂದ ನೆಂಟರ ಮುಂದೆ ಅವರ ಜಂಭ ಕೇಳಬೇಕಿತ್ತು: "ನೀರು ಯಾರಿಗೆ ಬೇಕಿತ್ತು? ನಾನು ಬೋರು ಕೊರೆಸಿದ್ದೇ ಪೈಪಿಗೆ!"

ಇಷ್ಟೂ ನಡೆದದ್ದು ಗರಗಸಕ್ಕೂ ರಜೆ ಕೊಡಬೇಕಾದ ಆಯುಧಪೂಜೆಯ ದಿನವೇ, ಸೋಮವಾರ.